ಬೀಜಕ್ಕೆ ಬೈಯೋಕೆ ಮುಂಚೆ ಒಂದ್ಸಲ ಮಣ್ಣು ನೋಡಿ

ಕಾಲುವೆಗೆ ನೀರು ಬಿಟ್ಟು ಸಸಿ ಮಡಿ ಹಾಕೋ ಟೈಮ್ ಬಂತಂದ್ರೆ ನಮ್ ಕಡೆ ಪ್ರತಿ ವರ್ಷ ಅದೇ ಮಾತು, ಈ ಸಲ ಬೀಜ ಸರಿ ಇಲ್ಲ, ಅಂಗಡಿಯವ್ರು ಹಳೇ ಸ್ಟಾಕ್ ಕೊಟ್ರು, ಮಡಿ ಎದ್ದೇ ಇಲ್ಲ ಅಂತ. ನಮ್ ಕಡೆ ಅಂದ್ರೆ ಗಂಗಾವತಿ, ಕಾರಟಗಿ, ಸಿಂಧನೂರು, ತುಂಗಭದ್ರಾ ಎಡದಂಡೆ ಕಾಲುವೆ ಕೆಳಗೆ, ಎತ್ತ ನೋಡಿದ್ರೂ ನೆಲ್ಲು. ಕೆಟ್ಟ ಬೀಜ ಮಾರೋರೇ ಇಲ್ಲ ಅಂತ ಹೇಳ್ತಿಲ್ಲ, ಇದಾರೆ. ಆದ್ರೆ ಒಂದೇ ಚೀಲದ ಬೀಜ ಒಂದೇ ದಿನ ನೆನೆಸಿ ಅಣ್ಣ ತಮ್ಮ ಇಬ್ರು ಬೇರೆ ಬೇರೆ ತುಂಡಲ್ಲಿ ಚೆಲ್ಲಿರ್ತಾರೆ, ಅಣ್ಣನ ಮಡಿ ಒತ್ತಾಗಿ ಹಸಿರಾಗಿ ಎದ್ದಿರುತ್ತೆ, ತಮ್ಮನ ಮಡೀಲಿ ಅಲ್ಲಲ್ಲಿ ಬೋಳು ಬೋಳು, ಇದನ್ನ ನೋಡಿದ್ಮೇಲೂ ಬೀಜದ್ದೇ ತಪ್ಪು ಅಂತ ಹೇಗೆ ಹೇಳೋದು? ಅದಕ್ಕೇ ಈ ಸಲ ಮಣ್ಣಿನ ಬಗ್ಗೆ ಉದ್ದಕ್ಕೆ ಬರೀತಿದೀನಿ, ಭತ್ತ ಮೊಳಕೆ ಬರೋದ್ರಿಂದ ತೆಂಡೆ ಹೊಡೆಯೋ (ಬುಡದಿಂದ ಪಕ್ಕದ ಕವಲು ಒಡೆಯೋ) ತನಕ ಮಣ್ಣು ಎಲ್ಲೆಲ್ಲಿ ಕೈ ಆಡಿಸುತ್ತೆ ಅಂತ.

ಮೊದ್ಲು ಬೀಜದ ಕಥೆ. ಮೊಳಕೆ ಬರೋಕೆ ಭತ್ತಕ್ಕೆ ಗೊಬ್ಬರ ಗಿಬ್ಬರ ಏನೂ ಬೇಡ, ಊಟ ಎಲ್ಲ ಅಕ್ಕಿ ಒಳಗೇ ಇದೆ. ಬೇಕಾಗಿರೋದು ನೀರು, ಬಿಸಿ, ಗಾಳಿ ಅಷ್ಟೇ. ತನ್ನ ತೂಕದ ಸುಮಾರು ಕಾಲು ಭಾಗದಷ್ಟು ನೀರು ಹೀರ್ಕೊಂಡ್ರೆ ಒಳಗೆ ಕೆಲಸ ಶುರು, 30 ಡಿಗ್ರಿ ಆಸುಪಾಸು ಇದ್ರೆ ಚೆನ್ನಾಗಿ ಓಡುತ್ತೆ, ಅದಕ್ಕೇ ಬೇಸಿಗೆ ಬೆಳೆಗೆ ಡಿಸೆಂಬರ್ ಚಳೀಲಿ ಮಡಿ ಹಾಕಿದೋರಿಗೆ ಎರಡು ಮೂರು ದಿನ ತಡ ಆದ್ರೆ ಗಾಬರಿ ಆಗೋದು ಬೇಡ. ಗಾಳಿ ವಿಷಯದಲ್ಲಿ ಮಾತ್ರ ಭತ್ತ ಬೇರೆ ಎಲ್ಲ ಬೆಳೆಗಿಂತ ಬೇರೆ. ಗೋಧಿ, ಮೆಕ್ಕೆಜೋಳ ನೀರಡಿ ಗಾಳಿ ಇಲ್ದೆ ಬಿದ್ರೆ ಕೊಳೆತೇ ಹೋಗುತ್ತೆ, ಭತ್ತ ಗಾಳಿ ಇಲ್ದೇನೂ ತನ್ನ ಪಿಷ್ಟ ಕರಗಿಸ್ಕೊಂಡು ಮೊಳಕೆ ಬಿಡುತ್ತೆ. ಆದ್ರೆ ಹಾಗೆ ಬರೋದು ಬರೀ ಬಿಳಿ ಕವಚ, ಬೇರು ಬರಲ್ಲ. ಆ ಕವಚ ಮೇಲೆ ಮೇಲೆ ಉದ್ದ ಆಗ್ತಾ ನೀರಿನ ಮೇಲ್ಗಡೆ ಮುಟ್ಟಿದ್ರೆ ಎಳನೀರಿಗೆ ಹಾಕೋ ಸ್ಟ್ರಾ ತರ ಅದರ ಮೂಲಕ ಗಾಳಿ ಕೆಳಗಿಳಿಯುತ್ತೆ, ಆಮೇಲೆನೇ ಬೇರು ಸರಿಯಾಗಿ ಹೊರಡೋದು. ಮಡೀಲಿ ಬೀಜ ಚೆಲ್ಲಿ ಗೇಣು ನೀರು ನಿಲ್ಲಿಸಿದ್ರೆ ಉದ್ದುದ್ದ ಬಿಳಿ ಮೊಳಕೆ ಬಂದು ಬೇರು ಹಿಡೀದೆ ಗಾಳಿಗೆ ತೇಲಿ ಮೂಲೆಗೆ ಹೋಗಿ ಸೇರ್ಕೊಳ್ಳೋದು ಇದೇ ಕಾರಣಕ್ಕೆ.

ಇಲ್ಲೇ ಮಣ್ಣಿನ ಮೊದಲ ಆಟ. ನಮ್ದು ಎರೆ ಭೂಮಿ, ಅಂದ್ರೆ ಕಪ್ಪು ಮಣ್ಣು, ಜಿಗುಟು ಜಾಸ್ತಿ, ಕೆಸರು ಹೊಡೆದ್ರೆ ನುಣ್ಣಗೆ ಪಾಯಸದಂಗೆ ಆಗಿ ತುಂಬಾ ಹೊತ್ತು ನೀರಲ್ಲಿ ತೇಲ್ತಾನೇ ಇರುತ್ತೆ. ಹೊಡೆದ ತಕ್ಷಣ ಬೀಜ ಚೆಲ್ಲಿದ್ರೆ ಬೀಜ ಮೊದ್ಲು ಒಳಗೆ ಇಳಿಯುತ್ತೆ, ಆಮೇಲೆ ತೇಲ್ತಿದ್ದ ಜಿಗುಟು ಅದರ ಮೇಲೆ ಕೂರುತ್ತೆ, ಮೇಲೆ ನೀರು, ಮಧ್ಯೆ ಗಾಳಿ ಇಲ್ಲದ ಕೆಸರು, ಬೀಜ ಹೂತು ಹೋದಂಗೆ. ಒಂದು ರಾತ್ರಿ ಕೆಸರು ಕೂರೋಕೆ ಬಿಟ್ಟು, ತೆಳ್ಳಗೆ ನೀರಿನ ಪದರ ಇಟ್ಕೊಂಡು ಚೆಲ್ಲಿ, ಸಂಜೆ ಆ ನೀರನ್ನೂ ಬಸಿದು ಬಿಟ್ರೆ ಅದೇ ಬೀಜ ಅದೇ ಮಣ್ಣಲ್ಲಿ ಚೆನ್ನಾಗಿ ಏಳುತ್ತೆ. ಮರಳು ಮಿಶ್ರ ಕೆಂಪು ಮಸಾರಿ ಭೂಮೀಲಿ ಈ ತೊಂದ್ರೆ ಕಡಿಮೆ, ಕೆಸರು ಗಂಟೆ ಎರಡು ಗಂಟೇಲಿ ಕೂತುಬಿಡುತ್ತೆ, ಅಲ್ಲಿ ನೀರು ನಿಲ್ಲಲ್ಲ ಅನ್ನೋದೇ ಗೋಳು.

ಒಣ ಭೂಮೀಲಿ ಕೂರಿಗೆ ಹಾಕೋರಿಗೆ ಲೆಕ್ಕ ಬೇರೆ. ಹಳಿಯಾಳ, ಮುಂಡಗೋಡ, ಖಾನಾಪುರ, ಕಲಘಟಗಿ ಕಡೆ ಮಳೆ ನಂಬ್ಕೊಂಡು ಭತ್ತ ಕೂರಿಗೇಲಿ ಬಿತ್ತೋದು ಹಳೇ ಪದ್ಧತಿ, ಈಗ ಕೂಲಿ ಆಳು ಸಿಗಲ್ಲ, ಕಾಲುವೆ ನೀರು ತಡ ಅಂತ ನಮ್ ಕಡೆನೂ ನೇರ ಬಿತ್ತನೆ ಜಾಸ್ತಿ ಆಗ್ತಿದೆ. ಇಲ್ಲಿ ಎರಡು ವಿಷಯ ನೋಡ್ಬೇಕು. ಒಂದು ಆಳ, 2-3 ಸೆಂಟಿಮೀಟರ್ ಸಾಕು, 5 ದಾಟಿದ್ರೆ ಈಗಿನ ಗಿಡ್ಡ ತಳಿಗಳಿಗೆ ಮೇಲೆ ಬರೋ ತಾಕತ್ತಿಲ್ಲ, ಹಳೇ ಎತ್ತರದ ತಳಿಗಳು ಸ್ವಲ್ಪ ತಡ್ಕೊಳ್ತಾವೆ. ಇನ್ನೊಂದು ಮೇಲ್ಗಡೆ ಹೆಪ್ಪು. ಬಿತ್ತಿದ ಮಾರನೇ ದಿನ ಜೋರು ಮಳೆ ಬಡಿದು ಆಮೇಲೆ ಎರಡು ದಿನ ಬಿಸಿಲು ಬಿದ್ರೆ ಸಾವಯವ ಅಂಶ ಕಡಿಮೆ ಇರೋ ಕೆಂಪು ಮಣ್ಣು ಮೇಲೆ ಗಟ್ಟಿ ಪದರ ಕಟ್ಟುತ್ತೆ, ಮೊಳಕೆ ಕೆಳಗೆ ಸುರುಳಿ ಸುತ್ಕೊಂಡು ಹಳದಿ ಆಗಿ ಸಾಯುತ್ತೆ. ಉಗುರಲ್ಲಿ ಕೆದರಿ ನೋಡಿದ್ರೆ ಮೊಳಕೆ ಕಾಣುತ್ತೆ ಅಲ್ವಾ, ಬೀಜ ಮೊಳೆತಿದೆ, ಹೊರಗೆ ಬಂದಿಲ್ಲ ಅಷ್ಟೇ. ಒಂದು ತುಂತುರು ನೀರು ಕೊಟ್ರೆ ಅಥವಾ ಮೇಲ್ಪದರ ಹಗುರವಾಗಿ ಕೆದರಿಸಿದ್ರೆ ಅರ್ಧಕ್ಕರ್ಧ ಉಳ್ಸ್ಕೋಬೋದು, ಕಾಯ್ತಾ ಕೂತ್ರೆ ಇಲ್ಲ.

ಈಗ ನಂಗೆ ತುಂಬಾ ಹೇಳ್ಬೇಕು ಅನ್ಸಿರೋ ವಿಷಯ, ಸವಳು, ಅಂದ್ರೆ ಉಪ್ಪು ಕ್ಷಾರ ಸೇರಿ ಕೆಟ್ಟ ಭೂಮಿ. ತುಂಗಭದ್ರಾ ಅಣೆಕಟ್ಟಿಂದ ನೀರು ಬರೋಕೆ ಶುರುವಾಗಿದ್ದು 1953ರಲ್ಲಿ. ಯೋಜನೆ ಮಾಡ್ದಾಗ ಜೋಳ, ಹತ್ತಿ, ಶೇಂಗಾ ತರ ಕಡಿಮೆ ನೀರಿನ ಬೆಳೆಗಳೇ ಮುಖ್ಯ, ಭತ್ತಕ್ಕೆ ಸ್ವಲ್ಪ ಜಾಗ ಮಾತ್ರ ಅಂತಿತ್ತು. ಆಗಿದ್ದು ಉಲ್ಟಾ. ಎರೆ ಮಣ್ಣಲ್ಲಿ ನೀರು ಕೆಳಗೆ ಬಸಿಯೋದು ನಿಧಾನ, ವರ್ಷಾನುಗಟ್ಟಲೆ ನಿಲ್ಲಿಸಿ ನಿಲ್ಲಿಸಿ ಅಂತರ್ಜಲ ಮೇಲೆ ಬಂತು, ತಗ್ಗಿನ ಭೂಮಿ ಜವಳಾಯ್ತು (ನೀರು ಬಸಿಯದೆ ಸದಾ ತೇವ ಇರೋ ನೆಲ), ಬೇಸಿಗೇಲಿ ಆ ನೀರು ಮೇಲಕ್ಕೆ ಹತ್ತಿ ಆವಿ ಆಗಿ ಉಪ್ಪು ಮಾತ್ರ ಬಿಟ್ಟು ಹೋಯ್ತು. ಇವತ್ತು ಗಂಗಾವತಿ ಸಿಂಧನೂರು ನಡುವೆ ಏಪ್ರಿಲ್‌ನಲ್ಲಿ ಬಸ್ಸಲ್ಲಿ ಹೋದ್ರೆ ಕಿಟಕೀಲೇ ಕಾಣುತ್ತೆ, ಗದ್ದೆ ಮೂಲೆ ಮೂಲೇಲಿ ಬಿಳಿ ಬಿಳಿ.

ಈ ಸವಳು ಭತ್ತಕ್ಕೆ ಯಾವಾಗ ಹೊಡೆಯುತ್ತೆ ಅನ್ನೋದು ತುಂಬಾ ಜನಕ್ಕೆ ಗೊತ್ತಿಲ್ಲ. ಮೊಳಕೆ ಟೈಮಲ್ಲಿ ಅಲ್ಲ! ಮೊಳಕೆ ಹಂತದಲ್ಲಿ ಭತ್ತ ಉಪ್ಪನ್ನ ಸಾಕಷ್ಟು ತಡ್ಕೊಳ್ಳುತ್ತೆ, ಉಪ್ಪು ನೀರನ್ನ ಬೀಜ ಹೀರೋದು ನಿಧಾನ ಆಗೋದ್ರಿಂದ ಒಂದೆರಡು ದಿನ ತಡ ಆಗ್ಬೋದು ಅಷ್ಟೇ, ಬರುತ್ತೆ. ಅದಾದ್ಮೇಲೆ ಎರಡು ಮೂರು ಎಲೆ ಬರೋ ತನಕ ಎಲ್ಲ ಚೆನ್ನಾಗೇ ಕಾಣುತ್ತೆ, ಯಾಕಂದ್ರೆ ಸಸಿ ಇನ್ನೂ ಬೀಜದೊಳಗಿನ ಊಟದ ಮೇಲೆ ಬದುಕ್ತಿರುತ್ತೆ. ಮೂರು ನಾಲ್ಕನೇ ಎಲೆ ಹೊತ್ತಿಗೆ ಆ ಊಟ ಖಾಲಿ, ಇನ್ಮೇಲೆ ಎಲ್ಲ ಬೇರಿಂದಾನೇ ಬರ್ಬೇಕು, ಬೇರು ನೀರಿನ ಜೊತೆ ಸೋಡಿಯಂ ಕ್ಲೋರೈಡನ್ನೂ ಎಳ್ಕೊಳ್ಳೋಕೆ ಶುರು ಮಾಡುತ್ತೆ, ಹಳೇ ಎಲೆ ತುದಿಯಿಂದ ಬೆಳ್ಳಗಾಗಿ ಸುತ್ಕೊಂಡು ಒಣಗುತ್ತೆ, ನೋಡ್ ನೋಡ್ತಾ ತಟ್ಟೆ ತಟ್ಟೆ ಜಾಗ ಖಾಲಿ. ಆಗ ರೈತ ಏನ್ ಅನ್ಕೋತಾನೆ, ಮೊಳಕೆ ಚೆನ್ನಾಗಿತ್ತು ಈಗ ಸಾಯ್ತಿದೆ ಅಂದ್ರೆ ರೋಗ ಅಂತ ಔಷಧಿ ಅಂಗಡಿಗೆ ಓಡ್ತಾನೆ, ಇಲ್ಲಾಂದ್ರೆ ಹಳದಿ ಆಗಿದೆ ಅಂತ ಯೂರಿಯಾ ಎರಚ್ತಾನೆ. ಕ್ಷಾರ ಜಾಸ್ತಿ ಇರೋ ನೀರಲ್ಲಿ ಯೂರಿಯಾದ ದೊಡ್ಡ ಪಾಲು ಅಮೋನಿಯಾ ಆಗಿ ಗಾಳಿಗೆ ಹೋಗುತ್ತೆ, ಸಸಿಗೂ ಸಿಗಲ್ಲ ದುಡ್ಡೂ ಹೋಯ್ತು. ಇದನ್ನ ನೋಡಿದಾಗೆಲ್ಲ ನಂಗೆ ಸಂಕಟ ಆಗುತ್ತೆ, ಕಾರಣ ಕಾಲ ಕೆಳಗೇ ಇದ್ರೂ ಯಾರೂ ಬಗ್ಗಿ ನೋಡಲ್ಲ.

ನಾಟಿ ಹಿಡಿದು ತೆಂಡೆ ಹೊಡೆಯೋ ಹಂತಕ್ಕೆ ಬಂದ್ಮೇಲೆ ಭತ್ತ ಮತ್ತೆ ಗಟ್ಟಿ ಆಗುತ್ತೆ, ಆಮೇಲೆ ಹೂ ಬಿಡೋವಾಗ ಇನ್ನೊಂದ್ಸಲ ನಾಜೂಕು, ಆಗ ಉಪ್ಪು ಹೊಡೆದ್ರೆ ತೆನೆ ಬರುತ್ತೆ ಕಾಳು ಜೊಳ್ಳು. ಅಂಕಿ ಬೇಕು ಅನ್ನೋರಿಗೆ, ಮಣ್ಣನ್ನ ನೀರಲ್ಲಿ ಪೂರ್ತಿ ನೆನೆಸಿ ತೆಗೆದ ಸಾರದಲ್ಲಿ ಇಸಿ (ವಿದ್ಯುತ್ ವಾಹಕತೆ, ಉಪ್ಪು ಎಷ್ಟಿದೆ ಅಂತ ತೋರ್ಸೋ ಅಳತೆ) ಮೀಟರಿಗೆ 3 ಡೆಸಿಸೀಮನ್ಸ್ ದಾಟಿದ್ರೆ ಭತ್ತದ ಇಳುವರಿ ಬೀಳೋಕೆ ಶುರು, ಆಮೇಲೆ ಪ್ರತಿ ಒಂದು ಯೂನಿಟ್‌ಗೆ ಸುಮಾರು 12 ಪರ್ಸೆಂಟ್ ಕಡಿತ ಅಂತ ಪ್ರಪಂಚದಾದ್ಯಂತ ಬಳಸೋ ಲೆಕ್ಕ. ಈ ನಾಜೂಕು ಹಂತ ಗೊತ್ತಿದ್ರೆ ಉಪಾಯನೂ ತಾನಾಗೇ ಹೊಳೆಯುತ್ತೆ. ಸಸಿ ಮಡೀನ ಇರೋದ್ರಲ್ಲಿ ಒಳ್ಳೇ ತುಂಡಲ್ಲಿ ಹಾಕಿ, ಸವಳು ಗದ್ದೇಲಿ ಬೇಡ. ಒಳ್ಳೇ ಭೂಮಿಗೆ 21-25 ದಿನದ ಸಸಿ ಅಂತಾರಲ್ಲ, ಸವಳಿಗೆ 30-35 ದಿನದ ಬಲಿತ ಸಸಿ ತಗೊಂಡು ಒಂದು ಗುಣಿಗೆ ಮೂರು ನಾಲ್ಕು ಇಡಿ. ನಾಟಿಗೆ ಮುಂಚೆ ಒಳ್ಳೇ ಕಾಲುವೆ ನೀರು ನಿಲ್ಲಿಸಿ ಬಸಿದು, ಮತ್ತೆ ನಿಲ್ಲಿಸಿ ಬಸೀರಿ. ಮತ್ತೆ ಇನ್ನೊಂದು ಮಾತು, ಗದ್ದೆ ಒಣಗಿಸಿ ನೆನೆಸಿ ಮಾಡೋ ಪದ್ಧತಿ ನೀರು ಉಳಿಸೋಕೆ ಒಳ್ಳೇದು ನಿಜ, ಆದ್ರೆ ಸವಳು ಭೂಮೀಲಿ ಅದನ್ನ ಕಣ್ಮುಚ್ಚಿ ಮಾಡ್ಬೇಡಿ, ಒಣಗಿದ ಕೂಡ್ಲೇ ಉಪ್ಪು ಬೇರಿನ ಹತ್ರ ಮೇಲಕ್ಕೆ ಬರುತ್ತೆ. ತಳಿ ಬಗ್ಗೆನೂ ಯೋಚ್ನೆ ಮಾಡಿ, ಎಲ್ರೂ ಬಿಪಿಟಿ 5204 ಸೋನಾ ಮಸೂರಿನೇ ಹಾಕೋದು ರೇಟಿಗೋಸ್ಕರ, ಅದೇನೂ ಸವಳಿಗೆ ಹೇಳಿ ಮಾಡ್ಸಿದ್ದಲ್ಲ, ನಮ್ಮ ಗಂಗಾವತಿ ಕೃಷಿ ಸಂಶೋಧನಾ ಕೇಂದ್ರದಿಂದನೇ ಬಂದಿರೋ ಗಂಗಾವತಿ ಸೋನಾ ಸವಳನ್ನ ಅದಕ್ಕಿಂತ ಚೆನ್ನಾಗಿ ತಡ್ಕೊಳ್ಳುತ್ತೆ.

ಸವಳು ಅಂತ ಎಲ್ಲದಕ್ಕೂ ಒಂದೇ ಹೆಸರು ಹೇಳ್ತೀವಿ, ಒಳಗೆ ಎರಡು ತರ ಇದೆ. ಒಂದ್ರಲ್ಲಿ ಉಪ್ಪು ಜಾಸ್ತಿ, ಇನ್ನೊಂದ್ರಲ್ಲಿ ಮಣ್ಣಿನ ಜಿಗುಟಿಗೆ ಸೋಡಿಯಂ ಅಂಟ್ಕೊಂಡಿರುತ್ತೆ, ಪಿಎಚ್ (ಹುಳಿ-ಕ್ಷಾರದ ಅಳತೆ, 7 ಅಂದ್ರೆ ಸಮ) 8.5 ದಾಟಿರುತ್ತೆ, ಅದು ಕರಲು. ಲ್ಯಾಬ್ ಇಲ್ದೇನೂ ಒಂದು ಸುಳಿವು ಸಿಗುತ್ತೆ, ಗದ್ದೇಲಿ ನಿಂತ ನೀರು ನೋಡಿ. ಬರೀ ಉಪ್ಪಿನ ಮಣ್ಣಾದ್ರೆ ಕೆಸರು ಬೇಗ ಕೆಳಗೆ ಕೂತು ನೀರು ತಿಳಿ ಆಗುತ್ತೆ, ಕರಲಾದ್ರೆ ಎಷ್ಟು ದಿನ ಆದ್ರೂ ನೀರು ಕದಡಿಕೊಂಡೇ ಇರುತ್ತೆ, ಒಣಗಿದ್ಮೇಲೆ ಮೇಲೆ ಕಪ್ಪು ಕಪ್ಪು ಎಣ್ಣೆ ಚೆಲ್ಲಿದ ಕಲೆ, ಮಣ್ಣು ಕಲ್ಲು. ಕರಲಿಗೆ ಮಾತ್ರ ಜಿಪ್ಸಂ, ಅದರ ಕ್ಯಾಲ್ಸಿಯಂ ಸೋಡಿಯಂನ ಜಿಗುಟಿಂದ ಬಿಡಿಸುತ್ತೆ, ಬಿಡಿಸಿದ ಸೋಡಿಯಂನ ನೀರಲ್ಲಿ ತೊಳೆದು ಹೊರಗೆ ಹಾಕ್ಬೇಕು. ಬಸಿಗಾಲುವೆನೇ ಇಲ್ಲದ ಗದ್ದೆಗೆ ಜಿಪ್ಸಂ ಲೋಡ್ ತಂದು ಸುರಿಯೋದು ನಂಗೆ ಯಾವತ್ತೂ ಅರ್ಥ ಆಗಿಲ್ಲ, ತೊಳೆದ ಉಪ್ಪು ಹೋಗೋದೆಲ್ಲಿಗೆ? ಬರೀ ಉಪ್ಪಿನ ಮಣ್ಣಿಗಂತೂ ಜಿಪ್ಸಂ ಬೇಕಿಲ್ಲ, ಒಳ್ಳೇ ನೀರು, ಬಸಿಯೋ ದಾರಿ ಎರಡೇ ಸಾಕು. ಕರ್ನಾಲ್‌ನಲ್ಲಿ 1969ರಿಂದ ಇರೋ ಕೇಂದ್ರೀಯ ಲವಣ ಮಣ್ಣು ಸಂಶೋಧನಾ ಸಂಸ್ಥೆಯವ್ರು ಹರಿಯಾಣ ಪಂಜಾಬ್ ಕಡೆ ಎಷ್ಟೋ ಕರಲು ಭೂಮೀನ ಜಿಪ್ಸಂ ಹಾಕಿ, ಮೊದಲ ಬೆಳೆಯಾಗಿ ಭತ್ತನೇ ಹಾಕ್ಸಿ ಸರಿ ಮಾಡಿದಾರೆ, ಯಾಕಂದ್ರೆ ಕರಲನ್ನ ಭತ್ತ ಬೇರೆ ಬೆಳೆಗಿಂತ ಚೆನ್ನಾಗಿ ತಡ್ಕೊಳ್ಳುತ್ತೆ, ನಿಂತ ನೀರೇ ತೊಳೆಯೋ ಕೆಲಸನೂ ಮಾಡುತ್ತೆ.

ಇದನ್ನ ಓದ್ತಿರೋ ಕರಾವಳಿಯವ್ರು ನಮ್ಮಲ್ಲಿ ಹಂಗಲ್ಲ ಅಂತೀರ, ಹೌದು, ಪೂರ್ತಿ ಉಲ್ಟಾ. ಉಡುಪಿ ಮಂಗಳೂರು ಕಡೆ ಜಂಬಿಟ್ಟಿಗೆ ಮಣ್ಣು, ಮಳೆ ಸುರಿದು ಸುರಿದು ಸುಣ್ಣದ ಅಂಶ ಎಲ್ಲ ತೊಳೆದು ಹೋಗಿ ಹುಳಿ ಮಣ್ಣು, ಪಿಎಚ್ 5ರ ಆಸುಪಾಸು. ನೀರು ನಿಲ್ಲಿಸಿದ್ರೆ ಮಣ್ಣೊಳಗೆ ಏನಾಗುತ್ತೆ ಅನ್ನೋದನ್ನ ಬಿಡಿಸಿ ತೋರ್ಸಿದ್ದು ಶ್ರೀಲಂಕಾದವರಾದ ಪೊನ್ನಂಪೆರುಮ ಅನ್ನೋ ವಿಜ್ಞಾನಿ, ಫಿಲಿಪ್ಪೀನ್ಸ್‌ನ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೇಲಿದ್ರು. ನೀರು ನಿಂತ ಕೆಲವೇ ದಿನದಲ್ಲಿ ಮಣ್ಣಲ್ಲಿರೋ ಆಮ್ಲಜನಕ ಖಾಲಿ ಆಗುತ್ತೆ, ಆಮೇಲೆ ಸೂಕ್ಷ್ಮಜೀವಿಗಳು ನೈಟ್ರೇಟು, ಮ್ಯಾಂಗನೀಸು, ಕಬ್ಬಿಣ ಅಂತ ಒಂದೊಂದನ್ನೇ ಬಳಸ್ಕೊಳ್ತಾ ಹೋಗ್ತಾವೆ, ಹಂಗೆ ಮಾಡ್ತಾ ಹುಳಿ ಮಣ್ಣಿನ ಪಿಎಚ್ ಮೇಲೇರುತ್ತೆ, ಕ್ಷಾರದ ಮಣ್ಣಿನದ್ದು ಕೆಳಗಿಳಿಯುತ್ತೆ, ಎರಡೂ 7ರ ಹತ್ರ ಬಂದು ನಿಲ್ತಾವೆ. ನಂಗೆ ಇದು ಭತ್ತದ ಗದ್ದೆಯ ಅತಿ ದೊಡ್ಡ ಸೋಜಿಗ, ಬರೀ ನೀರು ನಿಲ್ಲಿಸಿದ್ದಕ್ಕೆ ಮಣ್ಣು ತನ್ನ ಹುಳಿನ ತಾನೇ ಇಳಿಸ್ಕೊಳ್ಳುತ್ತೆ, ಜೊತೆಗೆ ಕಬ್ಬಿಣ ಹಿಡಿದಿಟ್ಟಿದ್ದ ರಂಜಕನೂ ಸ್ವಲ್ಪ ಬಿಡುತ್ತೆ.

ತೊಂದ್ರೆ ಏನಂದ್ರೆ ಅದೇ ಹೊತ್ತಿಗೆ ಕಬ್ಬಿಣನೂ ಕರಗುತ್ತೆ. ಕರಾವಳೀಲಿ ಬೆಟ್ಟು, ಮಜಲು, ಬೈಲು ಅಂತ ಗದ್ದೆ ಎತ್ತರ ನೋಡಿ ಹೆಸರಿಟ್ಟಿದಾರಲ್ಲ, ಮೇಲಿನ ಗುಡ್ಡದಿಂದ ಬಸಿದು ಬಂದ ಕಬ್ಬಿಣ ಎಲ್ಲ ಸೇರೋದು ಬೈಲಿಗೆ. ನೀರಿನ ಮೇಲೆ ಬಣ್ಣ ಬಣ್ಣದ ಎಣ್ಣೆ ಪದರದ ತರ ಕಾಣೋದು, ಹಳೇ ಎಲೆ ತುದಿಯಿಂದ ಕಂಚಿನ ಬಣ್ಣದ ಚುಕ್ಕೆ ಬರೋದು, ಬೇರಿಗೆ ದಪ್ಪ ತುಕ್ಕು ಹಿಡಿಯೋದು, ಇವೆಲ್ಲ ಕಬ್ಬಿಣ ಜಾಸ್ತಿ ಆದ ಗುರುತು. ಬೇರಿನ ಮೇಲೆ ತೆಳ್ಳಗೆ ಕಂದು ಬಣ್ಣ ಇದ್ರೆ ಹೆದರ್ಬೇಡಿ, ಭತ್ತದ ಬೇರು ಎಲೆಯಿಂದ ಗಾಳಿ ಇಳಿಸ್ಕೊಂಡು ಸುತ್ತ ಇರೋ ಕಬ್ಬಿಣನ ತುಕ್ಕು ಹಿಡಿಸಿ ಹೊರಗೇ ತಡೆಯುತ್ತೆ, ಆರೋಗ್ಯದ ಲಕ್ಷಣ ಅದು. ಬೇರು ಕರ್ರಗಾಗಿ ಕೊಳೆತ ಮೊಟ್ಟೆ ವಾಸನೆ ಬಂದ್ರೆ ಮಾತ್ರ ಕೂಡ್ಲೇ ನೀರು ಬಸಿದು ಗದ್ದೆಗೆ ಗಾಳಿ ಆಡಿಸಿ. ಕಬ್ಬಿಣದ ಗದ್ದೆಗೆ ಸುಣ್ಣ, ಸ್ವಲ್ಪ ಪೊಟ್ಯಾಷ್ ಕೊಟ್ರೆ ಗಿಡ ಚೇತರಿಸ್ಕೊಳ್ಳುತ್ತೆ, ನಾಟಿಗೆ ಎರಡು ವಾರ ಮುಂಚೆ ನೀರು ನಿಲ್ಲಿಸಿ ಒಂದ್ಸಲ ಬಸಿದ್ರೆ ಇನ್ನೂ ಒಳ್ಳೇದು. ರಾಕ್ ಫಾಸ್ಫೇಟ್ ಈ ಹುಳಿ ಮಣ್ಣಲ್ಲಿ ಕರಗಿ ಕೆಲಸಕ್ಕೆ ಬರುತ್ತೆ, ನಮ್ಮ ಎರೆ ಭೂಮೀಲಿ ಹಾಕಿದ್ರೆ ಹಾಗೇ ಬಿದ್ದಿರುತ್ತೆ.

ನಮ್ ಕಡೆ ಎರೇಲಿ ಒಣ ಬಿತ್ತನೆ ಮಾಡಿದ ಭತ್ತ ನೋಡಿ, ಎಳೇ ಎಲೆ ಬೆಳ್ಳಗೆ ಹಳದಿಯಾಗಿ ಬರುತ್ತೆ, ಅದು ಕಬ್ಬಿಣದ ಕೊರತೆ! ಮಣ್ಣಲ್ಲಿ ಕಬ್ಬಿಣ ಇದೆ, ನೀರು ನಿಲ್ಲದೆ ಕ್ಷಾರ ಇರೋದ್ರಿಂದ ಕರಗಲ್ಲ, ಗಿಡಕ್ಕೆ ಸಿಗಲ್ಲ. ಒಂದು ಕಡೆ ವಿಷ ಆಗೋದು ಇನ್ನೊಂದು ಕಡೆ ಉಪವಾಸ ಹಾಕುತ್ತೆ. ಅದಕ್ಕೇ ಮಂಗಳೂರಿನವ್ರ ವಿಡಿಯೋ ನೋಡಿ ಸಿಂಧನೂರಲ್ಲಿ ಸುಣ್ಣ ಹಾಕೋರನ್ನ ಕಂಡ್ರೆ ದಯವಿಟ್ಟು ತಡೀರಿ.

ಸತುವಿನದ್ದು (ಜಿಂಕ್) ಹೇಳದೆ ಬಿಟ್ರೆ ಆಗಲ್ಲ. ನೀರು ನಿಂತಾಗ ರಂಜಕ ಕಬ್ಬಿಣ ಸಿಗೋದು ಜಾಸ್ತಿ ಆದ್ರೆ ಸತು ಸಿಗೋದು ಕಡಿಮೆ ಆಗುತ್ತೆ, ಸುಣ್ಣಕಲ್ಲು ಇರೋ ಎರೆ ಭೂಮೀಲಿ ಇನ್ನೂ ಕಡಿಮೆ. ನಾಟಿ ಆಗಿ ಎರಡು ಮೂರು ವಾರಕ್ಕೆ ಗಿಡ ಗಿಡ್ಡ ಆಗಿ ಎಲೆ ಮೇಲೆ ತುಕ್ಕಿನ ಬಣ್ಣದ ಕಲೆ ಬರೋದನ್ನ ತುಂಬಾ ದಿನ ರೋಗ ಅಂತಲೇ ನಂಬಿದ್ರು, ಖೈರಾ ಅಂತ ಕರೀತಿದ್ರು, 1966ರಲ್ಲಿ ಉತ್ತರ ಭಾರತದ ಪಂತನಗರದ ಕೃಷಿ ವಿಶ್ವವಿದ್ಯಾಲಯದಲ್ಲಿ ವಿಜ್ಞಾನಿ ವೈ. ಎಲ್. ನೆನೆ ಅವ್ರು ಅದು ರೋಗ ಅಲ್ಲ ಸತುವಿನ ಕೊರತೆ ಅಂತ ತೋರ್ಸಿಕೊಟ್ರು. ಹೆಕ್ಟೇರಿಗೆ 20-25 ಕೆಜಿ ಜಿಂಕ್ ಸಲ್ಫೇಟ್ ಸಾಮಾನ್ಯ ಶಿಫಾರಸು, ಡಿಎಪಿ ಜೊತೆ ಕಲ್ಸಿ ಎರಚ್ಬೇಡಿ, ಎರಡೂ ಸೇರಿ ಕರಗದ ವಸ್ತು ಆಗುತ್ತೆ.

ಮಣ್ಣನ್ನ ಬದಲಾಯಿಸದೆ ಮಣ್ಣಿಗೆ ತಕ್ಕ ಭತ್ತ ಆರಿಸ್ಕೊಂಡೋರೂ ನಮ್ಮಲ್ಲೇ ಇದಾರೆ. ಕುಮಟಾ ಹತ್ರ ಅಘನಾಶಿನಿ ನದಿ ಸಮುದ್ರ ಸೇರೋ ಜಾಗದಲ್ಲಿ ಗಜನಿ ಭೂಮಿ, ಉಬ್ಬರ ಬಂದಾಗ ಉಪ್ಪು ನೀರು ನುಗ್ಗೋ ಜಾಗ, ಅಲ್ಲಿ ಮಾಣಿಕಟ್ಟಾ ಸುತ್ತಮುತ್ತ ಕಗ್ಗ ಅನ್ನೋ ಭತ್ತ ಬೆಳೀತಾರೆ. ಜೂನ್ ಮಳೆ ಬಂದು ಮಣ್ಣಿನ ಉಪ್ಪು ತೊಳೆದ ಮೇಲೆ ಬಿತ್ತನೆ, ಅಂದ್ರೆ ಸಸಿ ನಾಜೂಕಿರೋ ಹೊತ್ತಲ್ಲಿ ನೀರು ಸಿಹಿ ಇರೋ ತರ ಲೆಕ್ಕ ಹಾಕಿದಾರೆ. ಕಗ್ಗ ಉಪ್ಪನ್ನೂ ತಡೆಯುತ್ತೆ, ಮುಳುಗಿದ್ರೂ ತಡೆಯುತ್ತೆ, ಕೊಯ್ಯೋವಾಗ ತೆನೆ ಮಾತ್ರ ಕೊಯ್ದು ಹುಲ್ಲು ನೀರಲ್ಲೇ ಬಿಡ್ತಾರೆ, ಅದು ಮೀನು ಸಿಗಡಿಗೆ ಆಹಾರ. ಯಾವ ಲ್ಯಾಬೂ ಇಲ್ಲದ ಕಾಲದಲ್ಲಿ ಇಷ್ಟು ಕರಾರುವಾಕ್ಕಾಗಿ ಹೊಂದಿಸಿದಾರೆ ಅಂದ್ರೆ ಆ ಜನರ ಬಗ್ಗೆ ನಂಗೆ ತುಂಬಾ ಗೌರವ, ಕಗ್ಗ ಬೆಳೆಯೋರು ಕಡಿಮೆ ಆಗ್ತಿರೋದು ಅಷ್ಟೇ ಬೇಜಾರು.

ಕೊನೇದಾಗಿ ಬೀಜದ್ದಾ ಮಣ್ಣಿನದ್ದಾ ಅನ್ನೋ ಜಗಳ ಬಿಡಿಸೋದು ಹೇಗೆ ಅಂತ. ಬಿತ್ತೋಕೆ ಎರಡು ವಾರ ಮುಂಚೆ ನೂರು ಕಾಳು ಎಣಿಸಿ ಒದ್ದೆ ಗೋಣಿ ಚೀಲದಲ್ಲಿ ಸುತ್ತಿಡಿ, ಪ್ರಮಾಣಿತ ಬೀಜ ಆದ್ರೆ ಕನಿಷ್ಠ 80 ಮೊಳೀಬೇಕು, ಅದು ನಿಯಮ. ಮೊಳೀಲಿಲ್ಲ ಅಂದ್ರೆ ಬಿಲ್ ಹಿಡ್ಕೊಂಡು ಧಾರಾಳವಾಗಿ ಅಂಗಡಿಗೆ ಹೋಗಿ. ಹೊಸದಾಗಿ ಕೊಯ್ದ ಮನೆ ಬೀಜ ಆದ್ರೆ ಕೆಲವು ವಾರ ಅದು ನಿದ್ದೇಲಿರುತ್ತೆ, ಆವಾಗ ಈ ಪರೀಕ್ಷೆ ನಂಬ್ಬೇಡಿ. ಅದೇ ಹೊತ್ತಿಗೆ ಎರಡು ಡಬ್ಬ ತಗೊಳ್ಳಿ, ಒಂದಕ್ಕೆ ನಿಮ್ಮ ಗದ್ದೆ ಮಣ್ಣು, ಇನ್ನೊಂದಕ್ಕೆ ಬೆಳೆ ಚೆನ್ನಾಗಿ ಬರೋ ಬೇರೆ ಜಾಗದ ಮಣ್ಣು, ಎರಡಕ್ಕೂ ಅದೇ ಬೀಜ, ಅದೇ ನೀರು. ಮೊಳಕೆ ಬಂತು ಅಂತ ಎಸೀಬೇಡಿ, ನಾಲ್ಕನೇ ಎಲೆ ಬರೋ ತನಕ ಇಟ್ಕೊಂಡು ನೋಡಿ, ಸವಳಿದ್ರೆ ಅಲ್ಲೇ ಹೇಳುತ್ತೆ. ಜೊತೆಗೆ ಮಣ್ಣು ಪರೀಕ್ಷೆಗೂ ಕೊಡಿ, ಕಾಲುವೆಗೆ ನೀರು ಬಿಡೋಕೆ ಮುಂಚೆ, ಬೋಳು ಬಿದ್ದ ಜಾಗದ್ದು ಬೇರೆ ಚೀಲ, ಬೆಳೆ ಚೆನ್ನಾಗಿರೋ ಜಾಗದ್ದು ಬೇರೆ ಚೀಲ, ಬದು ಪಕ್ಕದ್ದು ಬೇಡ, ಒಂದು ಗೇಣು ಆಳದ ತನಕ ತೆಗೀರಿ. ರಿಪೋರ್ಟ್ ಬಂದಾಗ ಇಸಿ 1.5 ಇದೆ, 3 ದಾಟಿಲ್ಲ ಅಂತ ಸುಮ್ನಾಗ್ಬೇಡಿ, ಮಣ್ಣು ಆರೋಗ್ಯ ಕಾರ್ಡಿಗೆ ಮಣ್ಣನ್ನ ಜಾಸ್ತಿ ನೀರಲ್ಲಿ ಕಲ್ಸಿ ಅಳೀತಾರೆ, ಉಪ್ಪು ತೆಳುವಾಗಿ ಕಾಣುತ್ತೆ, ಮೇಲೆ ಹೇಳಿದ 3 ಅನ್ನೋದು ನೆನೆದ ಮಣ್ಣಿನ ಗಟ್ಟಿ ಸಾರದ ಲೆಕ್ಕ, ಅದ್ರಲ್ಲಿ ಅಳೆದ್ರೆ ನಿಮ್ಮ 1.5 ಅದರ ಎಷ್ಟೋ ಪಟ್ಟು ಬರುತ್ತೆ. ಚೀಟಿ ತಗೊಂಡು ಬರೋ ಮುಂಚೆ ಯಾವ ವಿಧಾನದಲ್ಲಿ ಅಳೆದ್ರಿ ಸರ್ ಅಂತ ಲ್ಯಾಬಲ್ಲಿ ಒಂದು ಮಾತು ಕೇಳಿ.